ಆಭಾ ಖಾತೆ: ಒಪ್ಪಿಗೆ ಅಮ್ಮನ ಕೈಯಲ್ಲಿ, ಹೆಸರು ಮಾತ್ರ ಕೌಂಟರಿನವರ ಕೈಯಲ್ಲಿ

ಆಭಾ ಅಂದರೆ ನಮ್ಮ ಆರೋಗ್ಯ ದಾಖಲೆಗಳನ್ನು ಒಂದೆಡೆ ಜೋಡಿಸುವ ಸರ್ಕಾರದ ಡಿಜಿಟಲ್ ಖಾತೆ. ಅದರ ಸಂಖ್ಯೆ ಮಾಡಿಸುವುದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಆ 14 ಅಂಕಿ ಈಗ ಎಷ್ಟೋ ಜನರ ಫೋನಿನಲ್ಲಿ ಸುಮ್ನೆ ಬಿದ್ದಿದೆ. ನನಗೆ ಹೇಳಬೇಕಾಗಿರುವುದು ಅದರ ಆ್ಯಪ್‌ನಲ್ಲಿರುವ ಒಪ್ಪಿಗೆ ಪುಟದ ಬಗ್ಗೆ, ಅಂದರೆ ಯಾವ ದಾಖಲೆ ಯಾರಿಗೆ ತೋರಿಸಬೇಕು ಎಂದು ನಾವೇ ಆರಿಸುವ ಪುಟ. ಮುಂಬೈಯ ಮುಲುಂಡ್‌ನಲ್ಲಿ ನನ್ನ ಜೊತೆ ಇರುವ ಅಮ್ಮ ಒಂದು ವರ್ಷಕ್ಕೂ ಜಾಸ್ತಿ ಕಾಲದಿಂದ ಇದನ್ನು ಬಳಸುತ್ತಿದ್ದಾರೆ. ಮುಂದಿನದನ್ನು ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅಮ್ಮನಿಗೆ ಶುಗರ್, ಬಿಪಿ ಎರಡೂ ಇವೆ. ಅಪ್ಪ ತೀರಿಕೊಂಡ ಮೇಲೆ ಸ್ವಲ್ಪ ಕಾಲ ಮನೋವೈದ್ಯರಿಗೆ ತೋರಿಸುತ್ತಿದ್ದರು, ನಿದ್ದೆಗೆ ಮಾತ್ರೆಯೂ ಇತ್ತು. ಆಗ ಎಲ್ಲ ಕಾಗದ ಒಂದೇ ಫೈಲಿನಲ್ಲಿ. ಹಲ್ಲು ತೋರಿಸಲು ಹೋದರೂ ಅದೇ ಫೈಲು, ಅಲ್ಲಿನವರೂ ಎಲ್ಲ ಹಾಳೆ ತಿರುವುವವರೇ. ಅಮ್ಮ ಏನೂ ಅನ್ನುತ್ತಿರಲಿಲ್ಲ. ಆದರೆ ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತಾ ಕೂತಿರುತ್ತಿದ್ದರು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಈಗ ಡಾಕ್ಟರರ ಕಡೆಯಿಂದ ದಾಖಲೆ ಕೇಳಿ ಕೋರಿಕೆ ಬಂದರೆ ಅಮ್ಮ ಕಾಫಿ ಮುಗಿಸಿ, ಲೋಟ ತೊಳೆದಿಟ್ಟು, ಕನ್ನಡಕ ಒರೆಸಿಕೊಂಡು ಕೂರುತ್ತಾರೆ. ಯಾರು ಕೇಳಿದ್ದಾರೆ, ಯಾತಕ್ಕೆ, ಯಾವ ತಾರೀಖಿನಿಂದ ಎಲ್ಲಿಯವರೆಗಿನ ದಾಖಲೆ, ಒಪ್ಪಿಗೆ ಯಾವಾಗ ಮುಗಿಯುತ್ತದೆ ಎಂದು ನಾನು ಒಂದೊಂದಾಗಿ ಓದಿ ಹೇಳುತ್ತೇನೆ. ಒತ್ತುವ ಬೆರಳು ಅವರದು. ಕಣ್ಣಿನ ಡಾಕ್ಟರು ಕೇಳಿದಾಗ ಲ್ಯಾಬ್ ವರದಿ ಒಂದನ್ನೇ ಬಿಟ್ಟು ಉಳಿದ ಟಿಕ್ ಎಲ್ಲ ತೆಗೆಸಿದರು. "ನಿದ್ದೆ ಮಾತ್ರೆ ಸುದ್ದಿ ಅವರಿಗೆ ಎಂತಕ್ಕೆ ಮಗಾ?" ನಿಜ ಅಲ್ವಾ? ರೆಟಿನಾ ನೋಡುವವರಿಗೆ ಶುಗರ್ ಹೇಗಿದೆ ಅಂತ ಗೊತ್ತಾಗಬೇಕು, ಅಷ್ಟೇ. ತಾರೀಖನ್ನೂ ಅಮ್ಮ ತೀರಾ ಹಿಂದಕ್ಕೆ ಹೋಗದಂತೆ ಕತ್ತರಿಸಿದರು. ಅವತ್ತು ಆಸ್ಪತ್ರೆಯಲ್ಲಿ ತಲೆ ಎತ್ತಿಕೊಂಡೇ ಮಾತಾಡಿದರು.

ದಾಖಲೆಗಳೆಲ್ಲ ದೆಹಲಿಯ ಯಾವುದೋ ಕಂಪ್ಯೂಟರಿನಲ್ಲಿ ಗುಡ್ಡೆ ಬೀಳುತ್ತವೆ ಎಂಬ ಭಯ ಅಮ್ಮನಿಗೂ ಇತ್ತು. ಹಾಗಿಲ್ಲ. ಆಯಾ ಆಸ್ಪತ್ರೆಯ ದಾಖಲೆ ಆಯಾ ಆಸ್ಪತ್ರೆಯಲ್ಲೇ ಇರುತ್ತದೆ, ನಾವು ಒಪ್ಪಿದಾಗ ಕೇಳಿದವರಿಗೆ ಹೋಗುತ್ತದೆ. ಕೊಟ್ಟ ಒಪ್ಪಿಗೆಯನ್ನು ನಡುವೆಯೇ ವಾಪಸ್ ಪಡೆಯಬಹುದು. ಅಷ್ಟರಲ್ಲಿ ಅವರು ಪ್ರಿಂಟ್ ತೆಗೆದಿಟ್ಟುಕೊಂಡಿದ್ದರೆ ಆ ಕಾಗದ ನಮ್ಮ ಕೈಗೆ ಸಿಗುವುದಿಲ್ಲ, ಅದು ನೆನಪಿರಲಿ. ಇನ್ನೊಂದು ವಿಷಯ. ಆಧಾರ್ ಮೂಲಕ ಮಾಡಿಸಿದರೆ ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಎಷ್ಟೋ ಮನೆಗಳಲ್ಲಿ ಹಿರಿಯರ ಆಧಾರ್‌ಗೆ ಮಗನ ನಂಬರ್ ಇರುತ್ತದೆ. ಹಾಗಿದ್ದರೆ ಒಪ್ಪಿಗೆ ಕೊಡುವುದು ಅಮ್ಮನ ಬದಲು ಮಗನ ಕೈಗೆ ಹೋಗಿಬಿಡಬಹುದು. ಮೊದಲು ಅದನ್ನು ಸರಿಮಾಡಿಸಿ.

ಇಷ್ಟರವರೆಗೆ ನನಗೆ ತುಂಬ ಖುಷಿಯೇ. ಸಿಟ್ಟು ಬಂದಿದ್ದು ಹಳೆಯ ದಾಖಲೆ ಜೋಡಿಸಲು ಹೊರಟಾಗ. ಅಮ್ಮ ಬಹಳ ಕಾಲದಿಂದ ತೋರಿಸಿಕೊಂಡು ಬಂದ ಆಸ್ಪತ್ರೆಯನ್ನು ಆ್ಯಪ್‌ನಲ್ಲಿ ಹುಡುಕಿದೆವು, ಸಿಕ್ಕಿತು. ಆದರೆ ಅಮ್ಮನ ದಾಖಲೆ ಒಂದೂ ಇಲ್ಲ. ಹುಡುಕಾಟ ನಡೆಯುವುದು ಮೊಬೈಲ್ ನಂಬರ್, ಹೆಸರು, ಲಿಂಗ, ಹುಟ್ಟಿದ ವರ್ಷ ಇವುಗಳನ್ನು ತಾಳೆ ನೋಡಿ. ನಮ್ಮ ಕಡೆ ಆಧಾರ್‌ನಲ್ಲಿ ಇನಿಷಿಯಲ್ ಮತ್ತು ಹೆಸರು, ಮುಗಿಯಿತು. ಮುಂಬೈಯಲ್ಲಿ ಕೇಸ್ ಪೇಪರ್ (ಆಸ್ಪತ್ರೆಯ ನೋಂದಣಿ ಚೀಟಿ) ಬರೆಯುವವರು ಗಂಡನ ಹೆಸರನ್ನು ನಡುವೆ ಹಾಕಿ, ಕೊನೆಗೆ ಒಂದು ಅಡ್ಡಹೆಸರು ಕೇಳಿ ಸೇರಿಸುತ್ತಾರೆ. ಹುಟ್ಟಿದ ವರ್ಷ ಯಾರೂ ಕೇಳಿರಲಿಲ್ಲ. ವಯಸ್ಸು ಕೇಳಿ, ಅದರಿಂದ ವರ್ಷ ಲೆಕ್ಕ ಹಾಕಿದ್ದರು. ನಂಬರು ಅಪ್ಪನ ಹಳೆಯದು. ಹೀಗಿದ್ದರೆ ಯಾವ ಆ್ಯಪ್ ತಾನೇ ಹುಡುಕಿಕೊಟ್ಟೀತು? ಕೌಂಟರಿನಲ್ಲಿ ಕೇಳಿದರೆ "ಆ್ಯಪ್‌ನವರನ್ನು ಕೇಳಿ" ಅಂದರು. ಅಮ್ಮನ ಇಷ್ಟು ವರ್ಷದ ಕಾಯಿಲೆಯ ಚರಿತ್ರೆ ಬೇರೆ ಯಾವಳೋ ಹೆಂಗಸಿನದು ಎಂಬ ಹಾಗೆ ಅಲ್ಲಿ ಬಿದ್ದಿದೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ತೊಂದರೆ ಜಾಸ್ತಿ. ಮನೆ ಹತ್ತಿರದ ಲ್ಯಾಬ್ ಅಂತೂ ಈ ವ್ಯವಸ್ಥೆಗೇ ಸೇರಿಲ್ಲ. ಅವರ ವರದಿಯ ಫೋಟೋ ನಾವೇ ಹಾಕಿಕೊಳ್ಳುತ್ತೇವೆ.

ಸ್ವಲ್ಪ ಸಮಾಧಾನ ಆಗಿದ್ದು ಅದೇ ಆಸ್ಪತ್ರೆಯಲ್ಲಿ ಕ್ಯೂಆರ್ ಕೋಡ್ ಅಂಟಿಸಿದ ಮೇಲೆ. ಅದನ್ನು ಸ್ಕ್ಯಾನ್ ಮಾಡಿದರೆ ಆಭಾದಲ್ಲಿರುವ ವಿವರವೇ ನೇರವಾಗಿ ಕೌಂಟರಿಗೆ ಹೋಗಿ ಟೋಕನ್ ಬರುತ್ತದೆ. ಯಾರೂ ಹೆಸರು ಟೈಪ್ ಮಾಡುವುದಿಲ್ಲ. ಹೊಸ ಕೇಸ್ ಪೇಪರಿನಲ್ಲಿ ಅಮ್ಮನ ಹೆಸರು ಅವರದೇ ಹೆಸರು. ಅಂದಿನಿಂದ ಬಂದ ದಾಖಲೆಗಳೆಲ್ಲ ಸರಿಯಾಗಿ ಜೋಡಣೆಯಾಗಿವೆ. ಸಾಲಿನಲ್ಲಿ ಅಮ್ಮ ನಿಲ್ಲುವುದೂ ತಪ್ಪಿತು.

ಹಳೆಯ ನೋಂದಣಿ ತಿದ್ದಲು ಆಧಾರ್ ಪ್ರತಿ, ಹಳೆಯ ಕೇಸ್ ಪೇಪರ್ ಜೊತೆಗೆ ಬರಹದಲ್ಲಿ ಅರ್ಜಿ ಕೊಟ್ಟು, ಸಹಿ ಹಾಕಿಸಿಕೊಂಡ ಪ್ರತಿ ಇಟ್ಟುಕೊಂಡಿದ್ದೇವೆ. ನೀವೂ ಹಾಗೇ ಮಾಡಿ. ಬಾಯಿಮಾತಿನಲ್ಲಿ ಹೇಳಿದರೆ ಯಾರೂ ಕದಲುವುದಿಲ್ಲ. ಆಭಾಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತಿದ್ದೇನೆ, ಆ ನಾಲ್ಕೂ ಒಪ್ಪಿಗೆ ಪುಟಕ್ಕೆ.