26 ರೂಮು, ನಾಲ್ಕು ದಾರಿ: ದಾದರಿನ ನಮ್ಮ ಲಾಡ್ಜಿನಲ್ಲಿ ಯಾವುದು ಉಳಿಯಿತು

ನಮ್ಮದು ಮುಂಬೈನ ದಾದರ್ ಪೂರ್ವದಲ್ಲಿ 26 ರೂಮಿನ ಲಾಡ್ಜ್. ಕೆಳಗೆ ಇಡ್ಲಿ-ವಡೆ ಹೋಟೆಲು, ಮೇಲೆ ಎರಡು ಮಹಡಿ ರೂಮು. ಕುಂದಾಪುರದಿಂದ ಬಂದು ಟೇಬಲ್ ಒರೆಸುತ್ತಾ ಶುರು ಮಾಡಿದ ಮಾವ ಕಟ್ಟಿದ್ದು ಇದು. ಪರೇಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ ಹತ್ತಿರ ಇರುವುದರಿಂದ ನಮ್ಮ ಗಿರಾಕಿಗಳಲ್ಲಿ ಜಾಸ್ತಿ ಜನ ಹುಬ್ಬಳ್ಳಿ, ಗದಗ, ಕಲಬುರಗಿ ಕಡೆಯಿಂದ ಚಿಕಿತ್ಸೆಗೆ ಬಂದವರು. ಒಂದು ಸಲ ಬಂದವರು ವರ್ಷಕ್ಕೆ ಆರೇಳು ಸಲ ಬರುತ್ತಾರೆ.

ರೂಮಿನ ಬುಕಿಂಗು, ಬಿಲ್ಲು, ಗಿರಾಕಿಗಳ ವಿವರ ನೋಡಿಕೊಳ್ಳಲು ಇಲ್ಲಿ ನಾವು ನಾಲ್ಕು ರೀತಿ ನೋಡಿದ್ದೇವೆ. ಒಂದು, ಮಾವನ ಕಾಲದ ಉದ್ದ ರಿಜಿಸ್ಟರ್. ಎರಡು, ಬಿಡಿಬಿಡಿ ಸಾಫ್ಟ್‌ವೇರ್: ಬುಕಿಂಗಿಗೆ ಒಂದು, ಬಿಲ್ಲಿಗೆ ಒಂದು, ಕೆಳಗಿನ ಹೋಟೆಲಿಗೆ ಒಂದು. ಉಳಿದ ಎರಡು, ಎಲ್ಲವೂ ಒಂದರಲ್ಲೇ ಇರುವ ಸಿಸ್ಟಮ್‌ಗಳು. ಕಂಪನಿಗಳ ಹೆಸರು ಬೇಡ. ಸ್ಟಾರ್ ಹೋಟೆಲ್‌ಗಳಿಗೆ ಅಂತ ಮಾಡಿದ್ದನ್ನು ‘ದೊಡ್ಡದು’ ಅನ್ನುತ್ತೇನೆ, ಇನ್ನೊಂದನ್ನು ‘ಚಿಕ್ಕದು’. 2025ರ ಜೂನ್‌ನಿಂದ ಆಗಸ್ಟ್‌ವರೆಗೆ ಒಂದನೇ ಮಹಡಿಯ 12 ರೂಮು ದೊಡ್ಡದರಲ್ಲಿ ಓಡಿದವು, ಸೆಪ್ಟೆಂಬರಿನಿಂದ ಚಿಕ್ಕದರಲ್ಲಿ. ಆಗೆಲ್ಲ ಎರಡನೇ ಮಹಡಿಯ 14 ರೂಮು ಹಳೆಯ ಬಿಡಿ ಸಾಫ್ಟ್‌ವೇರಿನಲ್ಲೇ ಇದ್ದವು. ಹಾಗಾಗಿ ಒಂದೇ ದಿನ, ಒಂದೇ ಕೌಂಟರಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಆಯಿತು.

ರಿಜಿಸ್ಟರನ್ನು ಹಗುರವಾಗಿ ತಗೋಬೇಡಿ. ಅದು ಕೆಟ್ಟು ಕೂತದ್ದೇ ಇಲ್ಲ, ತಿಂಗಳ ಬಾಡಿಗೆ ಕೇಳಿದ್ದೂ ಇಲ್ಲ. ಜೊತೆಗೆ ಕೌಂಟರಿನಲ್ಲಿ ನಮ್ಮ ಭಟ್ರು. ಬಾಗಿಲಲ್ಲಿ ಯಾರಾದರೂ ಕಂಡರೆ ಪುಸ್ತಕ ಮುಚ್ಚಿ, ‘ಬರ್ರಿ ಬರ್ರಿ, ಅವ್ವಾರು ಹ್ಯಾಂಗದಾರ?’ ಅಂತ ಅವರದೇ ಮಾತಿನಲ್ಲಿ ಕೇಳುತ್ತಾರೆ. ಕುಂದಾಪುರದವರ ಬಾಯಲ್ಲಿ ಧಾರವಾಡದ ಕನ್ನಡ ಕೇಳಿ ಬಂದವರಿಗೆ ಅರ್ಧ ಸುಸ್ತು ಇಳಿಯುತ್ತದೆ. ಯಾರಿಗೆ ಮೆಟ್ಟಿಲು ಆಗುವುದಿಲ್ಲ, ಯಾರಿಗೆ ಬೆಳಗಿನ ಜಾವ ನಾಲ್ಕಕ್ಕೆ ಬಿಸಿನೀರು ಬೇಕು, ಯಾರಿಗೆ ಗಂಜಿ ಮಾತ್ರ ಸೇರುತ್ತದೆ, ಎಲ್ಲ ಭಟ್ರ ತಲೆಯಲ್ಲಿ. ತೊಂದರೆಯೂ ಅದೇ. ಮೇ ತಿಂಗಳಲ್ಲಿ ಭಟ್ರು ಇಪ್ಪತ್ತು ದಿನ ಊರಿಗೆ ಹೋದರೆ ಆ ತಲೆಯೂ ಊರಿಗೆ ಹೋಗುತ್ತದೆ. ರಾತ್ರಿ ಪಾಳಿಯ ಹುಡುಗ ಜಾರ್ಖಂಡಿನವನು, ಕನ್ನಡ ಬಾರದು. ಏಳನೇ ಸಲ ಬಂದ ಅಜ್ಜನಿಗೂ ಅವನು ‘ಆಧಾರ್ ಕಾರ್ಡ್?’ ಅಂತಲೇ ಶುರು ಮಾಡುತ್ತಿದ್ದ.

ಬಿಡಿ ಸಾಫ್ಟ್‌ವೇರ್ 2023ರಲ್ಲಿ ಬಂತು. ಬುಕಿಂಗ್ ಸೈಟುಗಳಿಂದ ಗಿರಾಕಿ ಬರತೊಡಗಿದ್ದರು, ಪುಸ್ತಕದಲ್ಲಿ ಅದನ್ನು ಹಿಡಿಯುವುದು ಕಷ್ಟವಾಯಿತು. ಒಂದೊಂದು ಬಿಡಿಯೂ ತನ್ನ ಕೆಲಸದಲ್ಲಿ ಚೆನ್ನಾಗಿಯೇ ಇತ್ತು. ಆದರೆ ಒಂದರ ವಿಷಯ ಇನ್ನೊಂದಕ್ಕೆ ಗೊತ್ತಿರುತ್ತಿರಲಿಲ್ಲ. 2024ರ ಗಣೇಶ ಹಬ್ಬದಲ್ಲಿ, ಗಣಪತಿ ನೋಡಲು ಮುಂಬೈನ ಲಾಲ್‌ಬಾಗ್ ತುಂಬಾ ಜನ ಇದ್ದ ಸಂಜೆ, ಕೊನೆಯ ರೂಮನ್ನು ಕೌಂಟರಿನಲ್ಲಿ ಕೊಟ್ಟೆವು. ಬುಕಿಂಗ್ ಸಾಫ್ಟ್‌ವೇರಿನಲ್ಲಿ ಅದನ್ನು ಕೈಯಿಂದ ಮುಚ್ಚುವ ಮೊದಲೇ ಸೈಟಿನಲ್ಲಿ ಅದೇ ರೂಮು ಮಾರಾಟವಾಯಿತು. ಬಂದ ಕುಟುಂಬವನ್ನು ನಾನೇ ಟ್ಯಾಕ್ಸಿಯಲ್ಲಿ ಮಾಟುಂಗಾಕ್ಕೆ, ಗುರುತಿನವರ ಲಾಡ್ಜಿಗೆ ಬಿಟ್ಟು ಬಂದೆ. ಟ್ಯಾಕ್ಸಿಯಲ್ಲಿ ಯಾರೂ ಮಾತಾಡಲಿಲ್ಲ.

ನಿಜವಾದ ಹೋಲಿಕೆ ಆದದ್ದು 2025ರ ಸೆಪ್ಟೆಂಬರ್ 22ರಂದು. ಅಂದು 7,500 ರೂಪಾಯಿವರೆಗಿನ ರೂಮಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿಯಿತು. ನಮ್ಮ ರೂಮು 1,800. ಒಂದನೇ ಮಹಡಿಯಲ್ಲಿ, ಚಿಕ್ಕದರಲ್ಲಿ, ಒಂದು ಕಡೆ ದರ ಬದಲಿಸಿದೆ. ಬಿಲ್ಲು, ವೆಬ್‌ಸೈಟು, ಮುಂದಿನ ಬುಕಿಂಗು, ಎಲ್ಲದರಲ್ಲೂ 1,890 ಬಂತು. ಎರಡನೇ ಮಹಡಿಯಲ್ಲಿ ಬಿಲ್ಲಿನ ಸಾಫ್ಟ್‌ವೇರ್ ಸರಿಯಾಯಿತು, ಬುಕಿಂಗಿನದು ಆಗಲಿಲ್ಲ. ಒಬ್ಬರು ಮೊಬೈಲಿನಲ್ಲಿ 2,016 ತೋರಿಸುತ್ತಿದ್ದಾರೆ, ನಮ್ಮ ಬಿಲ್ಲು 1,890 ಅನ್ನುತ್ತಿದೆ. ಕಡಿಮೆ ಕೇಳಿದರೂ ಜನಕ್ಕೆ ಅನುಮಾನ ಬರುತ್ತದೆ ಅಂತ ಅವತ್ತು ಗೊತ್ತಾಯಿತು! ಇನ್ನೊಂದು ಮಾತು: ಈ 5 ಪರ್ಸೆಂಟಿನಲ್ಲಿ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ನಾವು ಖರೀದಿಯ ಮೇಲೆ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಹಾಗಿಲ್ಲ. ಸಾಫ್ಟ್‌ವೇರ್ ಬಿಲ್ಲಿನ ಮೇಲೆ ಕೊಡುವ 18 ಪರ್ಸೆಂಟ್ ಈಗ ನಮ್ಮ ಕೈಯಿಂದಲೇ ಹೋಗುತ್ತದೆ. ಕೊಟೇಶನ್ ನೋಡುವಾಗ ಅದನ್ನೂ ಕೂಡಿಸಿಕೊಳ್ಳಿ.

ಇನ್ನು ದೊಡ್ಡದು. ಡೆಮೋದಲ್ಲಿ ಕಣ್ಣು ಕುಕ್ಕುವ ಹಾಗಿತ್ತು. ರಿಪೋರ್ಟುಗಳಂತೂ ನಾನು ನೋಡಿದ್ದರಲ್ಲೇ ಚೆಂದ. ಆದರೆ ಅದಕ್ಕೆ ನಮ್ಮ 24 ಗಂಟೆ ಚೆಕ್‌ಔಟ್ ತಿಳಿಯಲಿಲ್ಲ. ಊರಿನ ರೈಲು ಇಳಿದವರು ಬೆಳಗಿನ ಜಾವ ಐದಕ್ಕೆ ಬಂದರೆ ಮರುದಿನ ಐದರವರೆಗೆ ಒಂದು ದಿನದ ಬಾಡಿಗೆ. ಇದು ಮಾವ ಹಾಕಿದ ನಿಯಮ. ದೊಡ್ಡದರ ಪ್ರಕಾರ ದಿನ ಶುರುವಾಗುವುದು ಮಧ್ಯಾಹ್ನ 12ಕ್ಕೆ. ಐದಕ್ಕೆ ಬಂದವರಿಗೆ ಹಿಂದಿನ ರಾತ್ರಿಯದೂ ಸೇರಿಸಿ ಎರಡು ದಿನದ ಬಿಲ್ಲು. ಪ್ರತಿ ಸಲ ಡಿಸ್ಕೌಂಟ್ ಹಾಕಿ ಸರಿ ಮಾಡಬೇಕು, ಡಿಸ್ಕೌಂಟಿಗೆ ಮ್ಯಾನೇಜರ್ ಪಾಸ್‌ವರ್ಡ್ ಬೇಕು, ಮ್ಯಾನೇಜರ್ ಅಂದರೆ ಐದು ಗಂಟೆಗೆ ಮಲಗಿರುವ ನಾನು. ಚಿಕ್ಕದರಲ್ಲಿ ‘24 ಗಂಟೆ’ ಅಂತ ಒಂದು ಗುಂಡಿ ಇದೆ. ಅಷ್ಟೇ.

ದೊಡ್ಡದರ ಜೊತೆ ಬಂದ ಕಾರ್ಡ್ ಬೀಗವನ್ನು ನಾಲ್ಕು ರೂಮಿಗೆ ಹಾಕಿದ್ದೆವು. ಗೋಡೆಯ ಸ್ಲಾಟಿನಲ್ಲಿ ಕಾರ್ಡ್ ಇದ್ದರೆ ಮಾತ್ರ ಕರೆಂಟ್. ಮಗ ಕಾರ್ಡ್ ತೆಗೆದುಕೊಂಡು ಔಷಧಿಗೆ ಹೋದ. ಒಳಗೆ ಮಲಗಿದ್ದ ತಾಯಿಯ ತಲೆ ಮೇಲಿನ ಫ್ಯಾನು ನಿಂತಿತು. ರೂಮ್ ಬಾಯ್ ನೋಡಿ, ಕೌಂಟರಿನಲ್ಲಿ ಬಿದ್ದಿದ್ದ ಯಾವುದೋ ಟ್ರಾವೆಲ್ಸಿನ ವಿಸಿಟಿಂಗ್ ಕಾರ್ಡನ್ನು ಸ್ಲಾಟಿಗೆ ತುರುಕಿ ಬಂದ. ಸ್ಲಾಟಿಗೆ ಅದೇ ಸಾಕಾಯಿತು! ಈಗ ಆ ನಾಲ್ಕು ರೂಮಿಗೂ ಹಿತ್ತಾಳೆ ಬಿಲ್ಲೆಯ ಹಳೆಯ ಕೀಲಿಯೇ.

ದೊಡ್ಡದನ್ನು ನಿಲ್ಲಿಸಲು ಕಾರಣ ಮಾತ್ರ ಇವೆರಡೂ ಅಲ್ಲ. ಅದು ಚೆಕ್‌ಔಟ್ ಆದ ಎರಡು ಗಂಟೆಗೆ ತಾನಾಗಿಯೇ ವಾಟ್ಸಾಪ್ ಕಳಿಸುತ್ತಿತ್ತು: ‘ನಿಮ್ಮ ವಾಸ್ತವ್ಯ ಆನಂದವಾಗಿತ್ತೇ? ಐದು ಸ್ಟಾರ್ ಕೊಡಿ’. ಆಗಸ್ಟಿನಲ್ಲಿ ಒಬ್ಬರು ತಂದೆಯ ಶವ ತೆಗೆದುಕೊಂಡು ಆಂಬುಲೆನ್ಸಿನಲ್ಲಿ ಊರಿಗೆ ಹೊರಟಿದ್ದರು. ಮೆಸೇಜು ಅವರಿಗೂ ಹೋಯಿತು. ಅವರು ಬೈಯಲಿಲ್ಲ. ಫೋನ್ ಮಾಡಿದ್ದು ಭಟ್ರು, ಕ್ಷಮೆ ಕೇಳಲು. ಮಾವ ಆವತ್ತೇ ‘ಅದನ್ನು ತೆಗಿ’ ಅಂದರು. ಚಿಕ್ಕದರಲ್ಲೂ ಆ ಮೆಸೇಜು ಇದೆ, ಮೊದಲ ದಿನವೇ ಬಂದ್ ಮಾಡಿದ್ದೇವೆ.

ಚಿಕ್ಕದು ಗೆದ್ದದ್ದು ಒಂದು ಹಳದಿ ಪೆಟ್ಟಿಗೆಯಿಂದ. ಫೋನ್ ನಂಬರ್ ಹಾಕಿದ ಕೂಡಲೇ, ಬೇರೆ ಏನೂ ಕಾಣುವ ಮೊದಲು, ಆ ಗಿರಾಕಿಯ ಬಗ್ಗೆ ಬರೆದಿಟ್ಟ ಟಿಪ್ಪಣಿ ಹಳದಿಯಲ್ಲಿ ಏಳುತ್ತದೆ. ದೊಡ್ಡದರಲ್ಲೂ ಟಿಪ್ಪಣಿ ಇತ್ತು, ಮೂರು ಪುಟ ಒಳಗೆ. ಸಾಲಿನಲ್ಲಿ ಐದು ಜನ ನಿಂತಾಗ ಯಾರು ತೆರೆಯುತ್ತಾರೆ? ಸೆಪ್ಟೆಂಬರ್ ಪೂರ್ತಿ ಭಟ್ರು ಹೇಳುತ್ತಾ ಹೋದರು, ರಾತ್ರಿಯ ಹುಡುಗ ಟೈಪ್ ಮಾಡುತ್ತಾ ಹೋದ. ಸುಮಾರು ಇನ್ನೂರು ಮನೆಯವರ ಟಿಪ್ಪಣಿ ಆಯಿತು. ಹೆಸರಿನಿಂದ ಹುಡುಕಿದರೆ ಗೋಳು. ಇಂಗ್ಲಿಷಿನಲ್ಲಿ ಒಂದು ‘ಎಲ್’ ಹೆಚ್ಚುಕಡಿಮೆಯಾಗಿ ಒಬ್ಬ ಮಲ್ಲಪ್ಪ ಮೂರು ಜನ ಆಗಿದ್ದರು. ಹಾಗಾಗಿ ನಂಬರೇ ಗತಿ. ರೋಗದ ಹೆಸರು ಮಾತ್ರ ಬರೆಯಕೂಡದು ಅಂತ ಮಾವನ ಕಟ್ಟಪ್ಪಣೆ. ‘ಮೆಟ್ಟಿಲು ಬೇಡ’ ಅಂದರೆ ಸಾಕು, ಯಾಕೆ ಅಂತ ಕಂಪ್ಯೂಟರಿಗೆ ಯಾಕೆ ಬೇಕು?

ಚಿಕ್ಕದರ ಕೊರತೆಗಳೂ ಕಮ್ಮಿ ಇಲ್ಲ. ಅದರ ಹೋಟೆಲ್ ಬಿಲ್ಲಿಂಗ್ ನಿಧಾನ. ಬೆಳಗಿನ ಎಂಟರ ರಶ್ಶಿನಲ್ಲಿ ಎರಡು ಇಡ್ಲಿ, ಒಂದು ಕಾಫಿಗೆ ನಾಲ್ಕು ಸಲ ಒತ್ತಬೇಕು. ಅದಕ್ಕೇ ಕೆಳಗೆ ಹಳೆಯ ಬಿಲ್ಲಿಂಗ್ ಮಷಿನ್ನೇ ಇದೆ, ರೂಮಿಗೆ ಹೋಗುವ ಊಟ-ತಿಂಡಿ ಮಾತ್ರ ಚಿಕ್ಕದರಲ್ಲಿ. ರೂಮಿನಲ್ಲಿ ಅಂಟಿಸಿದ ಕ್ಯೂಆರ್ ಮೆನುವನ್ನು ಸ್ಕ್ಯಾನ್ ಮಾಡಿದವರು ಬೆರಳೆಣಿಕೆ. ಉಳಿದವರು ಇಂಟರ್‌ಕಾಮ್‌ನಲ್ಲಿ ‘ಒಂಚೂರು ಮಜ್ಜಿಗಿ ಕಳಸ್ರಿ’ ಅನ್ನುತ್ತಾರೆ. ಅದೇ ಬೇಗ.

ಮಳೆಯ ವಿಷಯಕ್ಕೆ ಬಂದರೆ, ಹತ್ತಿರದ ತಗ್ಗು ಜಾಗ ಹಿಂದ್‌ಮಾತಾದಲ್ಲಿ ನೀರು ನಿಂತ ದಿನ ನಮ್ಮಲ್ಲಿ ನೆಟ್ ಹೋಗುತ್ತದೆ ಅಂತಲೇ ಲೆಕ್ಕ. ಜುಲೈನಲ್ಲಿ ದೊಡ್ಡದು ಬಿಳಿ ಪರದೆಯಾಗಿ ಕೂತಿತ್ತು. ಚಿಕ್ಕದು ಮೊಬೈಲಿನಲ್ಲಿ ಆ ದಿನದ ಪಟ್ಟಿಯನ್ನು ಇಟ್ಟುಕೊಳ್ಳುತ್ತದೆ, ಆದರೆ ಹೊಸ ಚೆಕ್‌ಇನ್ ಆಗುವುದಿಲ್ಲ. ಅದಕ್ಕೆ ರಾತ್ರಿ ಹತ್ತಕ್ಕೆ ರೂಮ್ ಚಾರ್ಟ್ ಪ್ರಿಂಟ್ ತೆಗೆದು ರಿಜಿಸ್ಟರಿನೊಳಗೆ ಇಡುತ್ತೇವೆ. ರಿಜಿಸ್ಟರ್ ಇನ್ನೂ ಕೌಂಟರಿನಲ್ಲೇ ಇದೆ.

ಖರ್ಚು: ಬಿಡಿ ಮೂರಕ್ಕೂ ಸೇರಿ ತಿಂಗಳಿಗೆ ಒಂಬತ್ತು ಸಾವಿರದ ಹತ್ತಿರ ಹೋಗುತ್ತಿತ್ತು. ದೊಡ್ಡದು ಹದಿನಾಲ್ಕು, ಚಿಕ್ಕದು ಆರು. ದೊಡ್ಡದನ್ನು ಬಿಟ್ಟ ಮೇಲೆ ನಮ್ಮದೇ ಗಿರಾಕಿಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ವಾಪಸ್ ಪಡೆಯಲು ಹನ್ನೊಂದು ದಿನ ಬೇಕಾಯಿತು. ನೀವು ತಗೊಳ್ಳುವುದಿದ್ದರೆ ಇದನ್ನು ಮೊದಲೇ ಬರೆಸಿಕೊಳ್ಳಿ, ವರ್ಷದ ದುಡ್ಡನ್ನು ಒಟ್ಟಿಗೆ ಕಟ್ಟಬೇಡಿ. ನಾವು ಈಗ ಮೂರು ಮೂರು ತಿಂಗಳಿಗೆ ಕಟ್ಟುತ್ತಿದ್ದೇವೆ.

ಡಿಸೆಂಬರಿನಲ್ಲಿ ಭಟ್ರು ಮದುವೆಗೆ ಅಂತ ಹತ್ತು ದಿನ ಊರಿಗೆ ಹೋಗಿದ್ದರು. ವಾಪಸ್ ಬಂದ ದಿನ ಒಬ್ಬರು ಬಂದರು, ನಂಬರ್ ಹಾಕಿದರೆ ಹಳದಿಯಲ್ಲಿ ಹಿಂದಿ: ‘ಅಂಕಲ್ ಕೋ ಚಾಯ್ ಮೇ ಅದ್ರಕ್ ನಹೀ’. ಹುಡುಗ ತಾನೇ ಬರೆದದ್ದು, ಯಾರೂ ಹೇಳಿಕೊಟ್ಟಿರಲಿಲ್ಲ. ಭಟ್ರು ಕನ್ನಡಕ ಮೇಲೆ ಮಾಡಿ ಎರಡು ಸಲ ಓದಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದರು, ‘ಒಂದು ಚಾ, ಶುಂಠಿ ಹಾಕ್ಬೇಡ.’