24 ಗಂಟೆಯ ಕೊಳಚೆ ಸ್ಯಾಂಪ್ಲರ್: ವೈರಸ್ ನಿಗಾಕ್ಕೆ ಎಷ್ಟು ಒಳ್ಳೆಯದು, ಎಲ್ಲಿ ಕೈಕೊಡುತ್ತದೆ

ಕೊಳಚೆ ನೀರಿನಲ್ಲಿ ವೈರಸ್ ಹುಡುಕುವುದು ಎಂದ ಕೂಡಲೇ ಎಲ್ಲರ ಕಣ್ಣು ವೈರಸ್ಸಿನ ಅಂಶ ಗುರುತಿಸುವ ಪಿಸಿಆರ್ ಯಂತ್ರದ ಮೇಲೆ ಹೋಗುತ್ತದೆ. ದುಡ್ಡೂ ಅಲ್ಲಿಗೇ ಹೋಗುತ್ತದೆ. ಮ್ಯಾನ್‌ಹೋಲಿನ ಪಕ್ಕದಲ್ಲಿ ಕೂತು ನೀರೆಳೆಯುವ ಪೆಟ್ಟಿಗೆ ತಪ್ಪಿದರೆ ಮಾತ್ರ ಆ ತಪ್ಪನ್ನು ಲ್ಯಾಬಿನಲ್ಲಿ ಯಾರೂ ತಿದ್ದಲಾರರು. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಆ ಪೆಟ್ಟಿಗೆಯನ್ನೇ: ತಾನಾಗಿಯೇ ಮಾದರಿ ಸಂಗ್ರಹಿಸುವ, ಹೊತ್ತೊಯ್ಯಬಹುದಾದ ಆಟೋಸ್ಯಾಂಪ್ಲರ್. ಮೆದು ಟ್ಯೂಬನ್ನು ಹಿಂಡಿ ನೀರೆಳೆಯುವ ಪೆರಿಸ್ಟಾಲ್ಟಿಕ್ ಪಂಪು, 10 ಲೀಟರಿನ ಒಂದೇ ಬಾಟಲಿ, ಸುತ್ತ ಐಸ್ ತುಂಬಲು ಜಾಗ, 12 ವೋಲ್ಟ್ ಬ್ಯಾಟರಿ. ಯಾವ ಕಂಪನಿಯದ್ದು ತಂದರೂ ಒಳಗಿನ ವ್ಯವಸ್ಥೆ ಹೆಚ್ಚುಕಡಿಮೆ ಇದೇ. ಹಾಗಾಗಿ ಮುಂದೆ ಹೇಳುವುದು ಯಾವುದೋ ಒಂದು ಬ್ರ್ಯಾಂಡಿನ ಮಾತಲ್ಲ.

ಮೊದಲು ಇದರ ದೊಡ್ಡ ಗುಣ. ಬಕೆಟ್ ಇಳಿಸಿ ಒಮ್ಮೆ ಎತ್ತಿದ ನೀರು ಆ ಕ್ಷಣದ ನೀರು ಮಾತ್ರ. ಬೆಳಗಿನ ಹೊತ್ತು ಶೌಚಾಲಯಗಳ ನೀರು ಹರಿದು ಬರುವಾಗ ಎತ್ತಿದ್ದಕ್ಕೂ ಮಧ್ಯಾಹ್ನ ಬಟ್ಟೆ ಒಗೆದ ನೀರಿನ ಹೊತ್ತಿಗೆ ಎತ್ತಿದ್ದಕ್ಕೂ ಅಜಗಜಾಂತರ. ಸ್ಯಾಂಪ್ಲರ್ ದಿನವಿಡೀ ಸ್ವಲ್ಪಸ್ವಲ್ಪವೇ ಎಳೆದು ಒಂದೇ ಬಾಟಲಿಗೆ ಸೇರಿಸುತ್ತದೆ. 2020ರ ಮಾರ್ಚ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಅಮರ್ಸ್‌ಫೋರ್ಟ್ ಊರಿನ ಕೊಳಚೆಯಲ್ಲಿ, ಅಲ್ಲಿ ಕೊರೊನಾ ಪ್ರಕರಣ ವರದಿಯಾಗುವ ಮೊದಲೇ, ವೈರಸ್ಸಿನ ಆರ್‌ಎನ್‌ಎ (ಅದರ ತಳಿವಸ್ತು) ಸಿಕ್ಕಿದ್ದು ಇಂಥ 24 ಗಂಟೆಯ ಸಂಯುಕ್ತ ಮಾದರಿಯಲ್ಲೇ.

ಪ್ರೋಗ್ರಾಮ್ ಹಾಕುವುದು ಸುಲಭ, ತಪ್ಪುವುದೂ ಅಷ್ಟೇ ಸುಲಭ. 15 ನಿಮಿಷಕ್ಕೊಮ್ಮೆ 100 ಮಿಲಿ ಎಂದು ಹಾಕಿದರೆ ದಿನಕ್ಕೆ 96 ಸಲ, ಒಟ್ಟು 9.6 ಲೀಟರ್. ಬಾಟಲಿ 10 ಲೀಟರಿನದು, ಸರಿಹೋಯಿತು ಅನ್ನಿಸುತ್ತದೆ. ಪಂಪು ಶೇ 10ರಷ್ಟು ಹೆಚ್ಚಿಗೆ ಎಳೆದರೂ ಸಾಕು, ಬಾಟಲಿ ತುಂಬಿ, ಫ್ಲೋಟ್ ಮೇಲೆದ್ದು, ಯಂತ್ರ ತಾನಾಗಿಯೇ ನಿಲ್ಲುತ್ತದೆ. ನಿಲ್ಲುವುದು ಕೊನೆಯ ಗಂಟೆಗಳಲ್ಲಿ. ಬೆಳಿಗ್ಗೆ ಇಟ್ಟು ಮರುದಿನ ಬೆಳಿಗ್ಗೆ ಎತ್ತುವವರಿಗೆ ಅದೇ ಮುಖ್ಯ ಹೊತ್ತು. 80 ಮಿಲಿ ಇಡಿ, 7.7 ಲೀಟರ್‌ಗೆ ಮುಗಿಯುತ್ತದೆ. ಹೊಸ ಜಾಗದಲ್ಲಿ ಅಳತೆ ಪಾತ್ರೆ ಹಿಡಿದು ಮೂರು ಸಲ ಎಳೆಸಿ ಕ್ಯಾಲಿಬ್ರೇಟ್ ಮಾಡದೆ ಹಿಂದಿರುಗಬಾರದು, ಏಕೆಂದರೆ ನೀರೆತ್ತುವ ಎತ್ತರ ಬದಲಾದರೆ ಎಳೆಯುವ ಪ್ರಮಾಣವೂ ಬದಲಾಗುತ್ತದೆ.

ಶುದ್ಧೀಕರಣ ಘಟಕದ ಒಳಹರಿವಿನಲ್ಲಿ ಫ್ಲೋಮೀಟರ್ ಇದ್ದರೆ ಸಮಯ ಬಿಟ್ಟು ಹರಿವಿಗೆ ತಕ್ಕಂತೆ ಎಳೆಸುವುದು ಮೇಲು. ರಾತ್ರಿ ಮೂರರ ತೆಳು ನೀರಿಗೂ ಬೆಳಿಗ್ಗೆ ಎಂಟರ ತುಂಬು ಹರಿವಿಗೂ ಒಂದೇ ತೂಕ ಕೊಡುವುದು ಆಗ ತಪ್ಪುತ್ತದೆ. ಆದರೆ ಲೆಕ್ಕವನ್ನು ಸರಾಸರಿ ದಿನಕ್ಕೆ ಹಾಕಬೇಡಿ. ದಿನಕ್ಕೆ 2 ಕೋಟಿ ಲೀಟರ್ ಬರುವ ಘಟಕದಲ್ಲಿ 2 ಲಕ್ಷ ಲೀಟರಿಗೊಮ್ಮೆ ಎಳೆದರೆ 100 ಸಲ, 80 ಮಿಲಿಯಂತೆ 8 ಲೀಟರ್. ಮಳೆ ಸುರಿದು ಹರಿವು ಇಮ್ಮಡಿಯಾದರೆ 16 ಲೀಟರ್ ಬೇಕು, ಸುಮಾರು 15 ಗಂಟೆಗೇ ಬಾಟಲಿ ಭರ್ತಿ. 4 ಲಕ್ಷ ಲೀಟರಿಗೊಮ್ಮೆ ಎಂದು ಇಟ್ಟರೆ ಒಣ ದಿನ 4 ಲೀಟರ್ ಸಿಗುತ್ತದೆ, ಲ್ಯಾಬಿಗೆ ಅದು ಧಾರಾಳ.

ಇನ್ನು ಪೈಪು. ಸಾಮಾನ್ಯವಾಗಿ ಕೊಡುವುದು 9.5 ಮಿಮೀ ಒಳವ್ಯಾಸದ್ದು. 6 ಮೀಟರ್ ಉದ್ದವಿದ್ದರೆ ಅದರ ಹೊಟ್ಟೆಯಲ್ಲೇ ಸುಮಾರು 425 ಮಿಲಿ ನೀರು ನಿಲ್ಲುತ್ತದೆ, ನೀವು ಕೇಳಿದ 80 ಮಿಲಿಗಿಂತ ಐದು ಪಟ್ಟು. ಎಳೆಯುವ ಮೊದಲೂ ನಂತರವೂ ಗಾಳಿ ಊದಿ ಪೈಪು ತೆರವು ಮಾಡುವ ಸೆಟ್ಟಿಂಗ್ ಇರುವುದು ಇದಕ್ಕೇ. ಬ್ಯಾಟರಿ ಉಳಿಸಲೆಂದು ಅದನ್ನು ಆಫ್ ಮಾಡಿದರೆ ಹಿಂದಿನ ಸಲದ ನೀರೇ ಬಾಟಲಿಗೆ ಬೀಳುತ್ತದೆ. ಎಳೆಯುವ ವೇಗವೂ ಮುಖ್ಯ: ಸೆಕೆಂಡಿಗೆ 0.6 ಮೀಟರ್‌ಗಿಂತ ಕಡಿಮೆಯಾದರೆ ಭಾರದ ಕಣಗಳು ಮೇಲೇರದೆ ಹಿಂದುಳಿಯುತ್ತವೆ. ಕೊರೊನಾದಂಥ ಕೊಬ್ಬಿನ ಹೊದಿಕೆಯುಳ್ಳ ವೈರಸ್ಸಿನ ಒಂದು ಪಾಲು ಕಣಗಳಿಗೆ ಅಂಟಿಕೊಂಡಿರುತ್ತದೆ. ಮೇಲಿನ ಅಳತೆಯ ಪೈಪಿನಲ್ಲಿ ನಿಮಿಷಕ್ಕೆ 3 ಲೀಟರ್ ಎಳೆದರೆ ವೇಗ 0.7 ಮೀಟರ್, ಅಂದರೆ ಅಂಚಿನಲ್ಲೇ ಇದ್ದೀರಿ. ಆಳ ಹೆಚ್ಚಿದಷ್ಟೂ ವೇಗ ಇಳಿಯುತ್ತದೆ. ಕರಪತ್ರದಲ್ಲಿ 8 ಮೀಟರ್ ಎತ್ತುತ್ತದೆ ಎಂದು ಬರೆದಿದ್ದರೆ, ಅದು ನೀರು ಹೇಗೋ ಮೇಲೆ ಬರುತ್ತದೆ ಎಂಬ ಮಾತು ಅಷ್ಟೇ. 5 ಮೀಟರ್‌ಗಿಂತ ಆಳಕ್ಕೆ ಇಳಿಸುವ ಮೊದಲು ಅಲ್ಲಿ ಅದರ ವೇಗ ಎಷ್ಟೆಂದು ಮಾರುವವರನ್ನು ಕೇಳಿ, ಉತ್ತರ ಬಾರದಿದ್ದರೆ ಬೇರೆಯದನ್ನು ನೋಡಿ.

ಅತಿ ಹೆಚ್ಚು ಕೈಕೊಡುವುದು ಪೈಪಿನ ತುದಿಯ ಜಾಲರಿ. ಒದ್ದೆ ವೈಪ್ಸ್, ಕೂದಲು, ಚಿಂದಿ ಸುತ್ತಿಕೊಂಡು ಬಾಯಿ ಮುಚ್ಚುತ್ತದೆ. ಸಾಧ್ಯವಾದಲ್ಲೆಲ್ಲ ದೊಡ್ಡ ಕಸ ತಡೆಯುವ ಪರದೆ ದಾಟಿದ ಜಾಗದಲ್ಲಿ, ಘಟಕದೊಳಗಿಂದ ಹಿಂದಿರುಗುವ ನೀರು ಬಂದು ಸೇರುವುದಕ್ಕೆ ಮೊದಲು, ತಳದ ಕೆಸರಿಗೂ ಮೇಲಿನ ನೊರೆಗೂ ತಾಗದಂತೆ ನಡುನೀರಿನಲ್ಲಿ ತೂಗುಬಿಡಿ. ಬಾಟಲಿ ಎತ್ತಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಯಂತ್ರದ ಲಾಗ್, ಅಂದರೆ ಪ್ರತಿ ಸಲ ಎಳೆದದ್ದರ ದಾಖಲೆ ಓದುವುದು. 96ರಲ್ಲಿ 30 ಸಲ ನೀರು ಸಿಗಲಿಲ್ಲ ಎಂದಿದ್ದರೆ ಆ ಬಾಟಲಿ 24 ಗಂಟೆಯದ್ದಲ್ಲ, ಫಲಿತಾಂಶದ ಪಕ್ಕದಲ್ಲಿ ಹಾಗೆಂದು ಬರೆದೇ ಕಳಿಸಬೇಕು. ಬಹಳ ಕಡೆ ಈ ಲಾಗನ್ನು ತೆರೆದೂ ನೋಡುವುದಿಲ್ಲ.

ಐಸ್ ವಿಷಯದಲ್ಲಿ ಎಲ್ಲ ಕೈಪಿಡಿಗಳೂ ಜಿಪುಣತನ ತೋರಿಸುತ್ತವೆ. 28 ಡಿಗ್ರಿ ಸೆಲ್ಸಿಯಸ್‌ನ 8 ಲೀಟರ್ ಕೊಳಚೆಯನ್ನು 4 ಡಿಗ್ರಿಗೆ ಇಳಿಸಲಿಕ್ಕೇ ಸುಮಾರು 2.4 ಕಿಲೋ ಐಸ್ ಕರಗಬೇಕು. ಹೊರಗಿನ ಬಿಸಿಲಿನ ಲೆಕ್ಕ ಬೇರೆ. 6 ಕಿಲೋಗೆ ಕಡಿಮೆ ಹಾಕಿ ಬೇಸಿಗೆಯಲ್ಲಿ ಇಟ್ಟು ಬಂದರೆ ಮರುದಿನ ಉಗುರುಬೆಚ್ಚಗಿನ ಬಾಟಲಿ ಸಿಗುತ್ತದೆ, ಆರ್‌ಎನ್‌ಎ ಅಷ್ಟರಲ್ಲಿ ಕರಗತೊಡಗಿರುತ್ತದೆ. ವಿದ್ಯುತ್ ಸಿಗುವ ಜಾಗವಾದರೆ ಕಣ್ಣುಮುಚ್ಚಿ ಫ್ರಿಜ್ ಇರುವ ಮಾದರಿಯನ್ನೇ ತೆಗೆದುಕೊಳ್ಳಿ.

ಬಾಟಲಿಯಿಂದ ಲ್ಯಾಬಿನ ದಾರಿ ಚಿಕ್ಕದು, ಆದರೂ ಅಲ್ಲಿ ಎರಡು ಹಳ್ಳಗಳಿವೆ. ಚೆನ್ನಾಗಿ ಕುಲುಕದೆ ಮೇಲಿನ ತಿಳಿಯನ್ನು 500 ಮಿಲಿ ಸುರಿದುಕೊಂಡರೆ ಕಣಗಳೆಲ್ಲ ತಳದಲ್ಲೇ ಉಳಿಯುತ್ತವೆ. ಎರಡನೆಯದು, ನಾಳೆ ಮಾಡೋಣ ಎಂದು ಇಡೀ ಮಾದರಿಯನ್ನು ಫ್ರೀಜರ್‌ಗೆ ತಳ್ಳುವುದು: ಹೆಪ್ಪುಗಟ್ಟಿ ಕರಗುವಾಗ ಸಿಗ್ನಲ್ ಇಳಿಯುತ್ತದೆ. 4 ಡಿಗ್ರಿಯಲ್ಲಿ ಇಟ್ಟು ಒಂದೆರಡು ದಿನದೊಳಗೆ ಸಾಂದ್ರೀಕರಿಸುವುದು, ಅಂದರೆ ಅಷ್ಟು ನೀರಿನಲ್ಲಿರುವ ವೈರಸ್ಸನ್ನು ಸ್ವಲ್ಪಕ್ಕೆ ಒಟ್ಟುಮಾಡುವುದು ಕ್ಷೇಮ. ಪಿಇಜಿ 8000 ಎಂಬ ಪಾಲಿಮರ್ ಮತ್ತು ಉಪ್ಪು ಹಾಕಿ ವೈರಸ್ಸನ್ನು ತಳಕ್ಕಿಳಿಸಿದರೆ ಅಗ್ಗ, ಹೊತ್ತು ಹೆಚ್ಚು. ಅತಿ ಸೂಕ್ಷ್ಮ ರಂಧ್ರಗಳ ಅಲ್ಟ್ರಾಫಿಲ್ಟರ್ ಬೇಗ, ಗಸಿ ಇದ್ದರೆ ಕಟ್ಟಿಕೊಳ್ಳುತ್ತದೆ. ವೈರಸ್ ಹಿಡಿಯುವ ಕಾಂತೀಯ ಮಣಿಗಳು ರೋಬೋಟಿಗೆ ಒಗ್ಗುತ್ತವೆ, ದುಬಾರಿ. ಯಾವುದನ್ನೇ ಹಿಡಿದರೂ ಮಧ್ಯದಲ್ಲಿ ಬದಲಿಸಬೇಡಿ, ಹಳೆಯ ಗ್ರಾಫಿಗೆ ಹೊಸ ಅಂಕಿ ಕೂಡುವುದಿಲ್ಲ. ದನಗಳ ಕೊರೊನಾ ವೈರಸ್ಸನ್ನು ಗೊತ್ತಿರುವಷ್ಟು ಬೆರೆಸಿ, ಕೊನೆಗೆ ಎಷ್ಟು ಸಿಕ್ಕಿತೆಂದು ನೋಡುವುದು ಸಾಮಾನ್ಯ ಪದ್ಧತಿ. ಅದೇ ಇಲ್ಲವಾದರೆ, ಕೊಳಚೆಯಲ್ಲಿ ವೈರಸ್ ಇರಲಿಲ್ಲವೋ ನಮ್ಮ ಕೈಯಲ್ಲೇ ಕಳೆದುಹೋಯಿತೋ ಹೇಳಲಾಗದು. ಕೊಳೆತ ಸಸ್ಯಗಳಿಂದ ಬರುವ ಹ್ಯೂಮಿಕ್ ಆಮ್ಲದಂಥವು ಪಿಸಿಆರ್‌ಗೆ ಅಡ್ಡಿ ಮಾಡುತ್ತವೆ. ಹತ್ತು ಪಟ್ಟು ತೆಳುಮಾಡಿ ಮತ್ತೊಮ್ಮೆ ಓಡಿಸಿ. ತೆಳುಮಾಡಿದ್ದಕ್ಕೆ ತಕ್ಕಷ್ಟು ಅಂಕಿ ಇಳಿಯದಿದ್ದರೆ ಅಡ್ಡಿ ಇದೆ ಎಂದರ್ಥ.

ಮಳೆನೀರು ಸೇರಿ ಕೊಳಚೆ ತೆಳುವಾಗುವ ಗೊಂದಲಕ್ಕೆ ಸ್ಯಾಂಪ್ಲರ್‌ನಲ್ಲಿ ಮದ್ದಿಲ್ಲ, ಲೆಕ್ಕದಲ್ಲಿದೆ. ಲೀಟರಿಗೆ ವೈರಸ್ಸಿನ ಆರ್‌ಎನ್‌ಎಯ 1 ಲಕ್ಷ ಪ್ರತಿ, ದಿನಕ್ಕೆ 2 ಕೋಟಿ ಲೀಟರ್, 1 ಲಕ್ಷ ಜನ: ತಲಾ ದಿನಕ್ಕೆ 2 ಕೋಟಿ ಪ್ರತಿ. ಮಳೆಗೆ ಹರಿವು 4 ಕೋಟಿಯಾಗಿ ಸಾಂದ್ರತೆ 50 ಸಾವಿರಕ್ಕೆ ಇಳಿದರೂ ತಲಾ ಲೆಕ್ಕ ಕದಲುವುದಿಲ್ಲ. ಹರಿವಿನ ಅಳತೆ ಇಲ್ಲದ ಕಡೆ ಮೆಣಸಿನಕಾಯಿ ಗಿಡದ ವೈರಸ್ ಪಿಎಂಎಂಒವಿ ನೆರವಿಗೆ ಬರುತ್ತದೆ. ಮೆಣಸಿನಕಾಯಿ ಪದಾರ್ಥ ತಿಂದವರ ಮಲದಲ್ಲಿ ಅದು ಯಥೇಚ್ಛವಾಗಿರುವುದರಿಂದ, ಮಾದರಿಯಲ್ಲಿ ಮನುಷ್ಯರ ಪಾಲು ಎಷ್ಟೆಂಬುದಕ್ಕೆ ಅದೇ ಅಳತೆಗೋಲು. ಇಷ್ಟೆಲ್ಲ ಮಾಡಿದರೂ ಸಿಗುವುದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ಸೂಚನೆ. ರೋಗಿಗಳ ತಲೆಯೆಣಿಕೆ ಸಿಗುತ್ತದೆಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ಒಂದೇ ಕಟ್ಟಡದ ಮೇಲೆ ಕಣ್ಣಿಡುವುದಾದರೆ ಈ ಯಂತ್ರ ನಮ್ಮ ಮೊದಲ ಆಯ್ಕೆಯಲ್ಲ. ಒಂದು ಫ್ಲಶ್ಶಿನ ನೀರು ಪೈಪಿನಲ್ಲಿ ಹಾದುಹೋಗಲು ನಿಮಿಷವೂ ಬೇಡ, 15 ನಿಮಿಷಕ್ಕೊಮ್ಮೆ ಎಳೆಯುವ ಪಂಪಿಗೆ ಅದು ಸಿಗದೇ ಹೋಗಬಹುದು. 5 ನಿಮಿಷಕ್ಕೆ ಇಳಿಸಿದರೆ 288 ಸಲ, ತಲಾ 25 ಮಿಲಿ. ಅಷ್ಟು ಸಣ್ಣ ಅಳತೆಯಲ್ಲಿ ಪಂಪಿನ ನಿಖರತೆ ಹೋಗುತ್ತದೆ, ಬ್ಯಾಟರಿಯೂ ಬೇಗ ಬರಿದಾಗುತ್ತದೆ. ಅಲ್ಲಿ ದಾರಕ್ಕೆ ಕಟ್ಟಿ ಇಳಿಬಿಟ್ಟ ಹತ್ತಿಬಟ್ಟೆಯ ಉಂಡೆಯೇ ವಾಸಿ. 1940ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬ್ರೆಂಡನ್ ಮೂರ್ ಪ್ಯಾರಾಟೈಫಾಯ್ಡ್ ಜ್ವರದ ಮೂಲ ಹುಡುಕಲು ಬಳಸಿದ ಉಪಾಯ ಅದು, ಇಂದಿಗೂ ಮೂರ್ ಸ್ವಾಬ್ ಎಂದೇ ಹೆಸರು. ಇದೆಯೋ ಇಲ್ಲವೋ ಎಂಬುದಕ್ಕೆ ಅದು ಉತ್ತರ ಕೊಡುತ್ತದೆ, ಎಷ್ಟಿದೆ ಎಂಬುದಕ್ಕೆ ಕೊಡದು. ಕಟ್ಟಡದ ಮಟ್ಟದಲ್ಲಿ ಬಹಳ ಸಲ ಬೇಕಾದದ್ದೂ ಅಷ್ಟೇ: 2020ರ ಆಗಸ್ಟ್‌ನಲ್ಲಿ ಅರಿಝೋನಾ ವಿಶ್ವವಿದ್ಯಾಲಯದ ಒಂದು ವಿದ್ಯಾರ್ಥಿನಿಲಯದ ಕೊಳಚೆಯಲ್ಲಿ ವೈರಸ್ ಕಂಡಾಗ ಅಲ್ಲಿದ್ದವರನ್ನೆಲ್ಲ ಪರೀಕ್ಷಿಸಿ, ಲಕ್ಷಣವೇ ಇಲ್ಲದ ಇಬ್ಬರು ಸೋಂಕಿತರನ್ನು ಪತ್ತೆಹಚ್ಚಿದರು.

ಊರಿಗೊಂದು ಶುದ್ಧೀಕರಣ ಘಟಕವಿದ್ದು, ವಾರಕ್ಕೆ ಎರಡು ಸಲವಾದರೂ ಬಾಟಲಿ ಬದಲಿಸಲು ಜನವಿದ್ದರೆ ಸ್ಯಾಂಪ್ಲರ್ ಕೊಳ್ಳುವುದೇ ಸರಿ. ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು, ಒಂದು ಕಳೆದದ್ದು ಜಾಲರಿಗೆ. ತಿಂಗಳಿಗೊಮ್ಮೆ ಮಾತ್ರ ಹೋಗುವವರು ಇದರ ಗೋಜಿಗೆ ಹೋಗದಿರುವುದು ಒಳ್ಳೆಯದು.

ಕೊಳ್ಳುವಾಗ ಜೊತೆಗೇ ತರಿಸಬೇಕಾದವು: ಪಂಪಿನೊಳಗಿನ ಸಿಲಿಕೋನ್ ಟ್ಯೂಬು ಎರಡು, ಜಾಲರಿ ಇನ್ನೊಂದು, ಬಾಟಲಿ ಇನ್ನೊಂದು, ಬ್ಯಾಟರಿ ಇನ್ನೊಂದು. ಟ್ಯೂಬನ್ನು ಯಂತ್ರದ ಎಣಿಕೆ ಹೇಳಿದಾಗಲೇ ಬದಲಿಸಿ. ಸೀಳಿದ ಮೇಲೆ ಬದಲಿಸಲು ಹೊರಟರೆ ಪಂಪಿನ ಗೂಡಿನೊಳಗೆಲ್ಲ ಕೊಳಚೆ ತುಂಬಿರುತ್ತದೆ. ಆಮ್ಲಜನಕ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮೊನಾಕ್ಸೈಡ್ ಮತ್ತು ಹೊತ್ತಿಕೊಳ್ಳುವ ಅನಿಲ ಅಳೆಯುವ ಮೀಟರ್ ಇಲ್ಲದೆ ಮ್ಯಾನ್‌ಹೋಲ್ ಮುಚ್ಚಳ ತೆಗೆಯಬೇಡಿ. ಪೆಟ್ಟಿಗೆಯನ್ನು ಮೇಲಿನಿಂದಲೇ ಇಳಿಸಿ ಮೇಲಿನಿಂದಲೇ ಎತ್ತುವ ತೂಗುಕೊಕ್ಕೆಯನ್ನು ಕಂಪನಿಗಳು ಪ್ರತ್ಯೇಕವಾಗಿ ಮಾರುತ್ತವೆ, ಅದನ್ನು ಬಿಟ್ಟು ಆರ್ಡರ್ ಹಾಕಬೇಡಿ.