ಬೆರಳಚ್ಚಿನಿಂದ ಮಕ್ಕಳ ಬುದ್ಧಿ ಅಳೆಯುವ ಪರೀಕ್ಷೆ: 4,500 ರೂಪಾಯಿ ಕೊಡಬಹುದಾ?

ರೇಟಿಂಗ್ ಮೊದಲೇ ಹೇಳಿಬಿಡುತ್ತೇನೆ. ಐದರಲ್ಲಿ ಒಂದು ಸ್ಟಾರ್. ಅದೂ ರಿಪೋರ್ಟಿನ ಬೈಂಡಿಂಗ್ ಗಟ್ಟಿಯಾಗಿದೆ ಅನ್ನೋ ಕಾರಣಕ್ಕೆ.

ಇದನ್ನು ಡಿಎಂಐಟಿ (ಡರ್ಮಟೋಗ್ಲಿಫಿಕ್ಸ್ ಮಲ್ಟಿಪಲ್ ಇಂಟೆಲಿಜೆನ್ಸ್ ಟೆಸ್ಟ್) ಅಂತ ಕರೆಯುತ್ತಾರೆ. ಮಗುವಿನ ಹತ್ತೂ ಬೆರಳುಗಳ ಗುರುತು ಸ್ಕ್ಯಾನ್ ಮಾಡುತ್ತಾರೆ. ಅದರಿಂದ ಹುಟ್ಟಿನಿಂದಲೇ ಬಂದ ಬುದ್ಧಿ ಎಷ್ಟು, ಮಗು ಹೇಗೆ ಕಲಿಯುತ್ತೆ, ಮುಂದೆ ಏನಾಗಬಹುದು ಅಂತೆಲ್ಲ ಹೇಳುತ್ತಾರೆ. ಮಗಳ ಶಾಲೆಯಲ್ಲಿ ಪೋಷಕರ ಸಭೆಯ ದಿನ ಒಂದು ಕಂಪನಿಯವರು ಟೇಬಲ್ ಹಾಕಿಕೊಂಡು ಕೂತಿದ್ದರು. ಕಂಪನಿಯ ಹೆಸರು ಬರೆಯಲ್ಲ. ಇಂಥವು ಊರಿಗೊಂದು ಇವೆ, ರಿಪೋರ್ಟೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ.

ಮಗಳು ನಾಲ್ಕನೇ ಕ್ಲಾಸು. ಲೆಕ್ಕ ಬಾಯಲ್ಲೇ ಮಾಡಿಬಿಡುತ್ತಾಳೆ. ಓದು ಅಂದರೆ ಮಾತ್ರ ಒಂದೊಂದೇ ಅಕ್ಷರ ಕೂಡಿಸಿಕೊಂಡು ತಡವರಿಸುತ್ತಾಳೆ. ಟೀಚರ್ ‘ಒಂದು ಸಲ ಟೆಸ್ಟ್ ಮಾಡಿಸಿ ನೋಡಿ’ ಅಂದರು. ಜೊತೆಗಿದ್ದ ಭಾವಮೈದುನ ‘ಮಾವನ ಕಡೆಯಿಂದ ಬರ್ತ್‌ಡೇ ಗಿಫ್ಟ್’ ಅಂತ ಅಲ್ಲೇ ದುಡ್ಡು ಕೊಟ್ಟ. 4,500 ರೂಪಾಯಿ. ಮನೆಯವರಲ್ಲಿ ಇನ್ನೊಬ್ಬರು ಮಾಡಿಸಿದರೆ ಅರ್ಧ ಬೆಲೆ ಅಂದರು. ಅದನ್ನು ನಾನು ಮಾಡಿಸಿಕೊಂಡೆ. ಅದಕ್ಕೊಂದು ಕಾರಣ ಇದೆ.

ನಾನು ಸಾಗರ ತಾಲ್ಲೂಕಿನ ಒಂದು ಊರಿನಲ್ಲಿ ಸೇವಾ ಕೇಂದ್ರ ನಡೆಸುತ್ತೇನೆ. ಪಹಣಿ, ಪಿಂಚಣಿ, ಬೆಳೆ ವಿಮೆ, ರೇಷನ್ ಕಾರ್ಡಿನ ಕೆವೈಸಿ. ದಿನವಿಡೀ ಜನರ ಬೆರಳು ಹಿಡಿದು ಗಾಜಿನ ಮೇಲೆ ಒತ್ತಿಸೋದೇ ನನ್ನ ಕೆಲಸ. ಹಾಗಾಗಿ ಅವರ ಸ್ಕ್ಯಾನರ್ ನೋಡಿದ ಕೂಡಲೇ ಗುರುತು ಸಿಕ್ಕಿತು. ನನ್ನ ಟೇಬಲ್ ಮೇಲೆ ಇರುವಂಥದ್ದೇ. ಬುದ್ಧಿ ಅಳೆಯುವ ವಿಶೇಷ ಯಂತ್ರವೇನೂ ಅಲ್ಲ.

ಬೆರಳಿನ ವಿಷಯ ನನಗೆ ಸ್ವಲ್ಪ ಗೊತ್ತು. ಅಡಿಕೆ ಸುಲಿತದ ಸಮಯದಲ್ಲಿ ಬರುವ ಹೆಂಗಸರ ಬೆರಳು ನೋಡಬೇಕು. ಚೊಗರು ಹತ್ತಿ ತುದಿ ಕಪ್ಪಾಗಿರುತ್ತೆ, ಗೆರೆ ಸವೆದು ನುಣ್ಣಗಾಗಿರುತ್ತೆ. ಹೆಬ್ಬೆಟ್ಟು ಒತ್ತಿಸಿದರೆ ಸ್ಕ್ರೀನಿನಲ್ಲಿ ಬರೀ ಮಸಿಯ ಮುದ್ದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ತೋರುಬೆರಳು ನೋಡಿ, ಉಂಗುರದ ಬೆರಳು ನೋಡಿ, ಕೊನೆಗೆ ಒಟಿಪಿಗೆ ಶರಣು. ಅದಕ್ಕೇ ಸ್ಕ್ಯಾನ್ ಮಾಡುತ್ತಿದ್ದ ಹುಡುಗನನ್ನು ಕೇಳಿದೆ, ಗುರುತು ಸರಿಯಾಗಿ ಬರದೇ ಇದ್ದರೆ ಏನು ಮಾಡ್ತೀರಿ ಅಂತ. ‘ಸಾಫ್ಟ್‌ವೇರ್ ಅಡ್ಜಸ್ಟ್ ಮಾಡುತ್ತೆ ಸಾರ್’ ಅಂದ. ಏನನ್ನು ಯಾವುದಕ್ಕೆ ಅಡ್ಜಸ್ಟ್ ಮಾಡುತ್ತೆ ಅಂತ ಅವನಿಗೂ ಗೊತ್ತಿರಲಿಲ್ಲ. ಪಾಪ, ಸಂಬಳಕ್ಕೆ ಕೂತ ಹುಡುಗ.

ರಿಪೋರ್ಟ್ ಬಂತು. ದಪ್ಪ ಫೈಲು, ಬಣ್ಣ ಬಣ್ಣದ ಹಾಳೆಗಳು. ಎಡ ಮೆದುಳು ಇಷ್ಟು, ಬಲ ಮೆದುಳು ಇಷ್ಟು, ಎರಡಕ್ಕೂ ದಶಮಾಂಶದ ಆಚೆ ಎರಡು ಅಂಕಿ. ಒಂದೊಂದು ಬೆರಳಿಗೆ ಮೆದುಳಿನ ಒಂದೊಂದು ಭಾಗ ಹಂಚಿದ್ದಾರೆ. ಆಮೇಲೆ ಎಂಟು ಬಗೆಯ ಬುದ್ಧಿ, ಒಂದೊಂದಕ್ಕೂ ಶೇಕಡಾವಾರು. ಕೂಡಿಸಿ ನೋಡಿದೆ, ಎಲ್ಲ ಸೇರಿ ಸರಿಯಾಗಿ 100. ಅಂದರೆ ಒಂದು ಜಾಸ್ತಿ ಆದರೆ ಇನ್ನೊಂದು ಕಡಿಮೆ ಆಗಲೇಬೇಕು. ಅಣ್ಣತಮ್ಮಂದಿರು ಅಪ್ಪನ ತೋಟ ಪಾಲು ಮಾಡಿಕೊಂಡ ಹಾಗೆ. ಲೆಕ್ಕವೂ ಬರುವ, ಹಾಡೂ ಬರುವ ಮಗುವಿಗೆ ಈ ರಿಪೋರ್ಟಿನಲ್ಲಿ ಜಾಗವೇ ಇಲ್ಲ.

ನನ್ನ ಫೈಲನ್ನೂ ಪಕ್ಕದಲ್ಲಿ ಇಟ್ಟುಕೊಂಡು ಓದಿದೆ. ಪ್ಯಾರಾ ಪ್ಯಾರಾನೇ ಒಂದೇ. ‘ಪ್ರೀತಿಯಿಂದ ಹೇಳಿದರೆ ಬೇಗ ಕಲಿಯುತ್ತಾನೆ’ ಅನ್ನೋ ಸಾಲು ಇಬ್ಬರಿಗೂ ಇದೆ. ಮಗಳಿಗೂ ‘ಕಲಿಯುತ್ತಾನೆ’. ಪ್ರೀತಿಯಿಂದ ಹೇಳಿದರೆ ಯಾರು ತಾನೇ ಕಲಿಯಲ್ಲ, ಅಲ್ವಾ? ಅವಳಿಗೆ ಸೂಚಿಸಿದ ಕೆಲಸಗಳ ಪಟ್ಟಿಯಲ್ಲಿ ಡಾಕ್ಟರ್, ಫ್ಯಾಷನ್ ಡಿಸೈನರ್, ಉದ್ಯಮಿ, ಪೈಲಟ್. ನಲವತ್ತು ದಾಟಿದ ನನಗೂ ಪೈಲಟ್. ಹೆಂಡತಿ ಈಗಲೂ ಬೈಕ್ ತೆಗೆಯುವಾಗ ‘ಕ್ಯಾಪ್ಟನ್ ಹೊರಟರು’ ಅಂತಾಳೆ.

ಆಮೇಲೆ ‘ಕೌನ್ಸೆಲಿಂಗ್’ ಅಂತ ಕರೆದರು. ಭಾಷಾ ಬುದ್ಧಿ ಕಡಿಮೆ ಇದೆ, ಇದು ಹುಟ್ಟುಗುಣ, ಬದಲಾಗಲ್ಲ ಅಂದರು. ಮುಂದಿನ ಮಾತಿನಲ್ಲೇ, ನಮ್ಮ ಬ್ರೈನ್ ಕ್ಲಾಸಿಗೆ ಸೇರಿಸಿದರೆ ಸುಧಾರಿಸುತ್ತೆ, 12,000 ರೂಪಾಯಿ ಅಂದರು. ಬದಲಾಗದೇ ಇರೋದು ಸುಧಾರಿಸೋದು ಹೇಗೆ ಅಂತ ಕೇಳಿದ್ದಕ್ಕೆ ಬ್ರೋಷರ್ ಕೊಟ್ಟರು.

ಬ್ರೋಷರಿನಲ್ಲಿ ಹಾರ್ವರ್ಡಿನ ಹೋವರ್ಡ್ ಗಾರ್ಡ್ನರ್ ಹೆಸರಿತ್ತು. ಬುದ್ಧಿ ಒಂದೇ ಅಲ್ಲ, ಹಲವು ಬಗೆ ಅಂತ ಅವರು 1983ರಲ್ಲಿ ಹೇಳಿದ್ದು ನಿಜ. ಆದರೆ ಅದರಲ್ಲಿ ಬೆರಳಚ್ಚಿನ ಸುದ್ದಿಯೇ ಇಲ್ಲ. ಪೂರ್ತಿ ಬೊಗಳೆಯ ನಡುವೆ ಒಂದು ಚೂರು ಸತ್ಯವೂ ಇದೆ, ಅದನ್ನೂ ಹೇಳಬೇಕು. ಬೆರಳಿನ ಗೆರೆ ಮೂಡೋದು ಮಗು ಹೊಟ್ಟೆಯಲ್ಲಿ ಇರುವಾಗಲೇ. ಅಮೆರಿಕದ ಹೆರಾಲ್ಡ್ ಕಮಿನ್ಸ್ ಅನ್ನೋರು ಈ ಗೆರೆಗಳ ಅಧ್ಯಯನಕ್ಕೆ 1926ರಲ್ಲಿ ಡರ್ಮಟೋಗ್ಲಿಫಿಕ್ಸ್ ಅಂತ ಹೆಸರಿಟ್ಟರು. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಅಂಗೈ, ಬೆರಳಿನ ಗೆರೆಗಳಲ್ಲಿ ವ್ಯತ್ಯಾಸ ಕಾಣುತ್ತೆ ಅಂತ ತೋರಿಸಿದ್ದೂ ಅವರೇ. ಕ್ರೋಮೋಸೋಮಿನಲ್ಲೇ ಏರುಪೇರು ಇದ್ದಾಗಿನ ಮಾತು ಅದು. ಅಲ್ಲಿಂದ ‘ನಿಮ್ಮ ಮಗಳು ಕಾಮರ್ಸ್ ತಗೊಳ್ಳಲಿ’ ಅನ್ನೋವರೆಗೆ ಯಾವ ದಾರಿಯೂ ಇಲ್ಲ.

ಇನ್ನೂ ಮಜಾ ಇರೋದು ಫ್ರಾನ್ಸಿಸ್ ಗಾಲ್ಟನ್ ಕಥೆಯಲ್ಲಿ. ಬೆರಳಚ್ಚಿನ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ದೊಡ್ಡ ಹೆಸರು ಅವರದು. ಬುದ್ಧಿಯೆಲ್ಲ ವಂಶದಿಂದಲೇ ಬರೋದು ಅಂತ ಹಟದಿಂದ ನಂಬಿದವರು. ಮನುಷ್ಯರಲ್ಲೂ ‘ಒಳ್ಳೆ ತಳಿ’ ಬೆಳೆಸಬೇಕು ಅನ್ನೋ ಕೆಟ್ಟ ವಿಚಾರಕ್ಕೆ ಹೆಸರು ಕೊಟ್ಟವರೂ ಅವರೇ. 1884ರಲ್ಲಿ ಲಂಡನ್ನಿನ ಒಂದು ಪ್ರದರ್ಶನದಲ್ಲಿ ಮಳಿಗೆ ಹಾಕಿ, ತಲೆಗೆ ಮೂರು ಪೆನ್ಸ್ ತಗೊಂಡು ಜನರ ಎತ್ತರ, ದೃಷ್ಟಿ, ಕೈಬಲ ಎಲ್ಲ ಅಳೆದರು. ಅವತ್ತೂ ಟೇಬಲ್ಲು, ಅವತ್ತೂ ಫೀಸು! ಬೆರಳಿನ ಗೆರೆಗೂ ಬುದ್ಧಿಗೂ ನಂಟು ಸಿಗಲಿ ಅಂತ ಅವರಷ್ಟು ಆಸೆಪಟ್ಟವರು ಇನ್ನೊಬ್ಬರು ಇರಲಿಕ್ಕಿಲ್ಲ. ವಿಜ್ಞಾನ, ಕಲೆ ಓದುವ ವಿದ್ಯಾರ್ಥಿಗಳು, ಹೊಲದ ಕೂಲಿಗಳು, ಲಂಡನ್ ಹತ್ತಿರದ ಡಾರೆಂತ್ ಆಶ್ರಮದಲ್ಲಿದ್ದ ಬುದ್ಧಿಮಾಂದ್ಯರು, ಎಲ್ಲರ ಗುರುತನ್ನೂ ತೆಗೆಸಿ ಹೋಲಿಸಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಏನೂ ಸಿಗಲಿಲ್ಲ ಅಂತ 1892ರಲ್ಲಿ ಅವರೇ ಬರೆದರು. ಅವರು ಕೈಬಿಟ್ಟದ್ದನ್ನು ಇವರು ಶಾಲೆ ಶಾಲೆಗೆ ಹೋಗಿ ಮಾರುತ್ತಿದ್ದಾರೆ. ಭಾರತೀಯ ಮನೋವೈದ್ಯರ ಸಂಘವೂ ಈ ಪರೀಕ್ಷೆಗೆ ವೈಜ್ಞಾನಿಕ ಆಧಾರ ಇಲ್ಲ ಅಂತ ಹೇಳಿಯಾಗಿದೆ.

ನನ್ನ ಕೆಲಸದಿಂದಲೇ ಒಂದು ಮಾತು ಸೇರಿಸುತ್ತೇನೆ. ತದ್ರೂಪಿ ಅವಳಿಗಳ ವಂಶವಾಹಿ ಒಂದೇ, ಬೆರಳಚ್ಚು ಮಾತ್ರ ಬೇರೆ ಬೇರೆ. ನನ್ನ ಯಂತ್ರ ಅಣ್ಣನ ಬೆರಳಿಗೆ ತಮ್ಮನ ಪಿಂಚಣಿ ಕೊಡಲ್ಲ. ಆದರೆ ಬುದ್ಧಿ ಪರೀಕ್ಷೆಯ ಅಂಕಗಳಲ್ಲಿ ಅತಿ ಹತ್ತಿರ ಇರೋದು ಇಂಥ ಅವಳಿಗಳೇ. ಗೆರೆ ಬೇರೆ ಇದ್ದೂ ಅಂಕ ಹತ್ತಿರ ಅಂದಮೇಲೆ ಗೆರೆ ನೋಡಿ ಬುದ್ಧಿ ಹೇಳೋದು ಹೇಗೆ? ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನು ನೋಡಿದ ಮಿನ್ನೆಸೋಟಾದ ಥಾಮಸ್ ಬುಶಾರ್ಡ್ ತಂಡ, ಅಂಕಗಳ ವ್ಯತ್ಯಾಸದಲ್ಲಿ ಶೇ. 70ರಷ್ಟು ವಂಶವಾಹಿಯ ಪಾಲು ಅಂತ 1990ರಲ್ಲಿ ಹೇಳಿತು. ಇದನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. 2003ರಲ್ಲಿ ಎರಿಕ್ ಟರ್ಕ್‌ಹೈಮರ್ ಮತ್ತು ಜೊತೆಯವರು ಅಮೆರಿಕದ ಬಡ ಮನೆಗಳ ಮಕ್ಕಳನ್ನು ನೋಡಿದಾಗ ವಂಶವಾಹಿಯ ಪಾಲು ತೀರಾ ಕಡಿಮೆ, ಮನೆಯ ಪರಿಸ್ಥಿತಿಯ ಪಾಲೇ ಜಾಸ್ತಿ ಇತ್ತು.

ಈಗ ಎರಡನೇ ಸೇವೆ. ಇದಕ್ಕೆ ನಾಲ್ಕು ಸ್ಟಾರ್.

ಜಿಲ್ಲಾ ಕೇಂದ್ರದ ಒಂದು ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋದೆವು. ಕಟ್ಟಿದ ಫೀಸು ಮೊದಲನೆಯದರ ಒಂದು ಚೂರು. ಒಂದು ಸ್ಟಾರ್ ಕಡಿತ ಕಾಯಿಸಿದ್ದಕ್ಕೆ. ಕಾರಿಡಾರಿನಲ್ಲಿ ಕೂರಲು ಬೆಂಚೂ ಸಾಲದು, ಮಗು ಟೆಸ್ಟಿಗೆ ಮೊದಲೇ ಸುಸ್ತಾಗುತ್ತೆ.

ಆ ಮೇಡಂ ಯಾವ ಯಂತ್ರವನ್ನೂ ತೆಗೆಯಲಿಲ್ಲ. ಮೊದಲು ಬರೀ ಪ್ರಶ್ನೆ. ಕಣ್ಣು ತೋರಿಸಿದ್ದೀರಾ? ಕಿವಿ? ನಿದ್ದೆ ಎಷ್ಟು ಹೊತ್ತು? ಮನೆಯಲ್ಲಿ ಯಾವ ಭಾಷೆ, ಶಾಲೆಯಲ್ಲಿ ಯಾವುದು? ಕೊರೊನಾ ಕಾಲದಲ್ಲಿ ಯಾವ ಕ್ಲಾಸಿನಲ್ಲಿದ್ದಳು? ಯುಕೆಜಿ ಪೂರ್ತಿ ಫೋನಿನಲ್ಲೇ ಮುಗಿಯಿತು ಅಂದೆ. ನಮ್ಮ ಊರಿನಲ್ಲಿ ನೆಟ್‌ವರ್ಕ್ ಬೇಕಂದರೆ ಗುಡ್ಡ ಹತ್ತಬೇಕು, ಹಾಗಾಗಿ ‘ಫೋನಿನಲ್ಲಿ’ ಅನ್ನೋದೂ ಸುಮ್ನೆ ಮಾತಿಗೆ. ಅವರು ಅದನ್ನು ಬರೆದುಕೊಂಡು ಅಡಿಗೆರೆ ಹಾಕಿದರು. ಅದು ಸುಮ್ನೆ ಅಲ್ಲ. ಶಾಲೆಯ ಒಂದೊಂದು ವರ್ಷವೂ ಐಕ್ಯೂ ಅಂಕವನ್ನು 1ರಿಂದ 5ರವರೆಗೆ ಏರಿಸುತ್ತೆ ಅಂತ ಸ್ಟುವರ್ಟ್ ರಿಚೀ ಮತ್ತು ಎಲಿಯಟ್ ಟಕರ್-ಡ್ರಾಬ್ 2018ರಲ್ಲಿ ತೋರಿಸಿದ್ದಾರೆ. ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಕಲೆಹಾಕಿ ಮಾಡಿದ ಲೆಕ್ಕ ಅದು.

ಆಮೇಲೆ ಮಗಳನ್ನು ಒಳಗೆ ಕೂರಿಸಿಕೊಂಡು ಬೆಳಗಿನ ಹೊತ್ತೆಲ್ಲ ಟೆಸ್ಟ್ ಮಾಡಿದರು. ನಡುವೆ ನೀರು ಕುಡಿಯಲು ಬಿಟ್ಟರು. ಪ್ರಶ್ನೆಗಳನ್ನು ಇಲ್ಲಿ ಬರೆಯಲ್ಲ, ಮುಂದೆ ಹೋಗುವ ಮಕ್ಕಳಿಗೆ ಟೆಸ್ಟ್ ಕೆಡುತ್ತೆ. ಬಳಸಿದ್ದು ಬಿನೇ-ಕಾಮತ್ ಪರೀಕ್ಷೆ. ಇದರ ಮೂಲ ಪ್ಯಾರಿಸ್. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳಲ್ಲಿ ಯಾರಿಗೆ ಹೆಚ್ಚಿನ ಸಹಾಯ ಬೇಕು ಅಂತ ಪತ್ತೆಮಾಡಲು ಆಲ್ಫ್ರೆಡ್ ಬಿನೇ 1905ರಲ್ಲಿ ಮಾಡಿದ್ದು. ಬುದ್ಧಿ ಅಂದರೆ ಒಮ್ಮೆ ಬಂದಷ್ಟೇ, ಆಮೇಲೆ ಬೆಳೆಯಲ್ಲ ಅನ್ನೋರ ಮೇಲೆ ಬಿನೇಗೆ ಸಿಟ್ಟಿತ್ತು. ಅದನ್ನು ನಮ್ಮ ಮಕ್ಕಳಿಗೆ ಹೊಂದಿಸಿದ್ದು ವಿ. ವಿ. ಕಾಮತ್, 1930ರ ದಶಕದಲ್ಲಿ, ಧಾರವಾಡದ ಕಡೆಯ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳನ್ನು ಇಟ್ಟುಕೊಂಡು. ಧಾರವಾಡ ಅಂದರೆ ಪೇಡೆ, ಬೇಂದ್ರೆ ಅಂತಷ್ಟೇ ಗೊತ್ತಿದ್ದ ನನಗೆ ಇದು ಹೊಸ ಸುದ್ದಿ.

ರಿಪೋರ್ಟ್ ಎರಡೇ ಹಾಳೆ. ಬಣ್ಣ ಇಲ್ಲ, ಪೈಲಟ್ ಇಲ್ಲ. ಮೇಡಂ ಹೇಳಿದ್ದು ಇಷ್ಟು: ಬುದ್ಧಿ ವಯಸ್ಸಿಗೆ ತಕ್ಕ ಹಾಗೆ ಇದೆ. ತೊಂದರೆ ಇರೋದು ಓದಿನಲ್ಲಿ, ಅದಕ್ಕೆ ಬೇರೆ ಟೆಸ್ಟ್ ಮಾಡಿಸೋಣ. ಐಕ್ಯೂ ಅಂಕಿಯನ್ನು ಮನೆಯಲ್ಲಿ ಯಾರಿಗೂ ಹೇಳಬೇಡಿ. ಈ ಪರೀಕ್ಷೆ ಹಳೇದು, ಈಗಿನ ಮಕ್ಕಳಿಗೆ ಅಂಕ ಸ್ವಲ್ಪ ಜಾಸ್ತಿಯೇ ಬರುತ್ತೆ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡಿದ್ದೇನೆ.

ಈ ಕೊನೆಯ ಮಾತು ನನಗೆ ತುಂಬ ಹಿಡಿಸಿತು. ತಾನು ಬಳಸಿದ ಅಳತೆಗೋಲಿನ ಐಬನ್ನು ತಾನೇ ಹೇಳುವವರು ಎಷ್ಟು ಜನ ಸಿಗುತ್ತಾರೆ? ಅಂಕ ಯಾಕೆ ಜಾಸ್ತಿ ಬರುತ್ತೆ ಅನ್ನೋದಕ್ಕೂ ಒಂದು ಹೆಸರಿದೆ, ಫ್ಲಿನ್ ಪರಿಣಾಮ ಅಂತ. ನ್ಯೂಜಿಲೆಂಡಿನ ಜೇಮ್ಸ್ ಫ್ಲಿನ್ ಹಳೇ ದಾಖಲೆ ತೆಗೆದು ನೋಡಿದರೆ, ಅಮೆರಿಕದವರ ಅಂಕ ಹತ್ತು ವರ್ಷಕ್ಕೆ ಹತ್ತಿರಹತ್ತಿರ 3ರಂತೆ ಏರುತ್ತಾ ಬಂದಿತ್ತು. ಬೇರೆ ಹಲವು ದೇಶಗಳಲ್ಲೂ ಇದೇ ಕಥೆ. ಎರಡು ತಲೆಮಾರಿನಲ್ಲಿ ವಂಶವಾಹಿ ಬದಲಾಗಲ್ಲ. ಬದಲಾಗಿದ್ದು ಊಟ, ಶಾಲೆ, ಆರೋಗ್ಯ, ಮನೆಯಲ್ಲಿ ಮಕ್ಕಳ ಸಂಖ್ಯೆ, ಬದುಕುವ ರೀತಿ. ಮಲೆನಾಡಿನಲ್ಲಿ ಗಳಗಂಡ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅಯೋಡಿನ್ ಕೊರತೆ ಗಂಟಲು ಉಬ್ಬಿಸೋದಷ್ಟೇ ಅಲ್ಲ, ಗರ್ಭದಲ್ಲಿರುವ ಮಗುವಿನ ಮೆದುಳಿಗೂ ಪೆಟ್ಟು ಕೊಡುತ್ತೆ. ತೀವ್ರ ಕೊರತೆ ಇರುವ ಕಡೆ ಮಕ್ಕಳ ಐಕ್ಯೂ 12-13 ಅಂಕ ಕಡಿಮೆ ಅಂತ ಅಂದಾಜಿದೆ. ಅದಕ್ಕೆ ಮದ್ದು ಅಂಗಡಿಯ ಅಯೋಡಿನ್ ಉಪ್ಪು.

‘ಹುಟ್ಟುಗುಣ, ಬದಲಾಗಲ್ಲ’ ಅಂದ ಆ ಕೌನ್ಸೆಲರಿಗೆ ತಮಿಳುನಾಡಿನ ಕಬ್ಬು ಬೆಳೆಗಾರರ ವಿಷಯ ಹೇಳಬೇಕಿತ್ತು. ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್ ಮತ್ತು ಜೊತೆಯವರು 2013ರಲ್ಲಿ ಪ್ರಕಟಿಸಿದ್ದು. ಅದೇ ರೈತರಿಗೆ ಕಟಾವಿಗೆ ಮೊದಲು ಒಂದು ಸಲ, ಕಟಾವಾಗಿ ಕೈಗೆ ದುಡ್ಡು ಬಂದ ಮೇಲೆ ಒಂದು ಸಲ ಬುದ್ಧಿ ಪರೀಕ್ಷೆ ಕೊಟ್ಟರು. ದುಡ್ಡು ಬಂದ ಮೇಲೆ ಅಂಕ ಚೆನ್ನಾಗಿ ಬಂತು. ಸಾಲದ ಚಿಂತೆ ತಲೆಯೊಳಗೆ ಅಷ್ಟು ಜಾಗ ತಿನ್ನುತ್ತೆ. ನನ್ನ ಕೌಂಟರಿನಲ್ಲೂ ಇದು ಕಾಣುತ್ತೆ. ಅಡಿಕೆ ಮಾರುವ ಮೊದಲು ಬಂದಾಗ ತನ್ನ ಸರ್ವೆ ನಂಬರ್ ಮರೆಯುವ ರೈತ, ಮಾರಿದ ಮೇಲೆ ಬಂದು ನನ್ನ ಟೈಪಿಂಗ್ ತಪ್ಪು ಹಿಡಿಯುತ್ತಾನೆ. ಎರಡೂ ಸಲ ಬೆರಳಚ್ಚು ಒಂದೇ.

ಓದಿನ ತೊಂದರೆಯ ಟೆಸ್ಟ್ ಆಮೇಲೆ ಆಯಿತು, ಡಿಸ್‌ಲೆಕ್ಸಿಯಾ ಅಂತ ಗೊತ್ತಾಯಿತು. ಈಗ ವಾರಾಂತ್ಯಕ್ಕೆ ಒಬ್ಬ ಸ್ಪೆಷಲ್ ಟೀಚರ್ ಹತ್ತಿರ ಹೋಗುತ್ತಾಳೆ. ಮುಂದೆ ಎಸ್‌ಎಸ್‌ಎಲ್‌ಸಿಯಲ್ಲಿ ಇಂಥ ಮಕ್ಕಳಿಗೆ ಹೆಚ್ಚಿನ ಸಮಯ ಕೊಡುತ್ತಾರೆ, ಅದಕ್ಕೆ ಬೇಕಾಗೋದು ಇಂಥ ಸರಿಯಾದ ಪರೀಕ್ಷೆಯ ಪ್ರಮಾಣಪತ್ರ. ಬೆರಳಚ್ಚಿನ ಫೈಲು ತಗೊಂಡು ಹೋದರೆ ಯಾರೂ ತಿರುಗಿಯೂ ನೋಡಲ್ಲ.

ಸೈಕಾಲಜಿಸ್ಟ್ ಹತ್ತಿರ ಹೋಗುವವರು ಮಗುವಿನ ಶಾಲೆಯ ನೋಟ್‌ಬುಕ್ ಮರೆಯದೇ ಒಯ್ಯಿರಿ, ಅವರು ಬರವಣಿಗೆ ಕೇಳಿಯೇ ಕೇಳುತ್ತಾರೆ. ಕಣ್ಣು, ಕಿವಿ ಮೊದಲೇ ತೋರಿಸಿಕೊಂಡು ಹೋದರೆ ಒಂದು ಓಡಾಟ ಉಳಿಯುತ್ತೆ. ತಿಂಡಿ ತಿನ್ನಿಸಿಕೊಂಡು ಹೋಗಿ, ಡಬ್ಬಿಯಲ್ಲೂ ಏನಾದರೂ ಇರಲಿ. ಸೋಮವಾರ ಮಾತ್ರ ಬೇಡ, ಅವತ್ತು ಎಲ್ಲ ಕಡೆ ರಶ್ ಜಾಸ್ತಿ.